ಬಣ್ಣ ಬಳಿದ ಗೋಡೆ, ಒಂದು

ಕಾಳಿಂಗಪ್ಪ ಪತ್ತಾರ ಮಾಸ್ತರಿಗೆ
ಬೆಳಗಾವಿ ಕ್ಯಾಂಪಿನ ಹರಾಜಿನಲ್ಲಿ, ಎಂಟಾಣೆಗೆ,
ತಳ ಒಡೆದ ಚಹಾದ ಕಿಟ್ಲಿಯ ಜೊತೆ ಬಂದ ಪುಸ್ತಕ.
ರಟ್ಟಿಲ್ಲ. ಅಡ್ಡಹೆಸರನ್ನು ಗೆದ್ದಲು ತಿಂದಿತ್ತು.
ಉಳಿದದ್ದು: ತಿಬಾಲ್ಟ್, ಪ್ಯಾರಿಸ್,
ಮತ್ತು ಹದಿನಾಲ್ಕು ಚಿತ್ರ.

ಅಂದಿನಿಂದ ಬಾಗಲಕೋಟೆ ಕಿಲ್ಲಾದೊಳಗೆ
ತಿಬಾಲ್ಟ್ ಅಂದರೆ ಮನೆಯ ಹಿರಿಯ.
"ರೊಟ್ಟಿ ಅಂಗಡಿಯವನ ಮಗ ಅವ,
ಆರನೇ ವರ್ಷಕ್ಕ ಇದ್ದಿಲು ಹಿಡದ.
ಮೂರು ವರ್ಷ ಗಚ್ಚಿನ ಗೊಂಬಿಯ ಕಿವಿ ತಗದಾನ.
ಮೂರು ವರ್ಷ! ಬರೇ ಕಿವಿ!
ನಿನಗ ಮೂರು ದಿನಕ್ಕ ಬ್ಯಾಸರಾತು?"
ಹೀಗೆ ಬೈಸಿಕೊಂಡವರು ನಾವು,
ಲೋವರ್ ಗ್ರೇಡ್ ಪರೀಕ್ಷೆಗೆ ಕೂತ ಏಳು ಹುಡುಗರು,
ಒಂದೇ ಹೂಜಿಯ ಎದುರು.

ಸರಕಾರದ ಖರ್ಚಿನಲ್ಲಿ ರೋಮಿಗೆ ಕಳಿಸಿದರಂತೆ.
ಚಿನ್ನದ ಪದಕ. ಗಡ್ಡ. ಸೆಟೆದ ಕೊರಳಪಟ್ಟಿ.
ಸಾವುಕಾರರ ಹೆಂಡಂದಿರು ಸರದಿಯಲ್ಲಿ ಕೂತರಂತೆ.
ಬೆಳಕಿದ್ದಷ್ಟೂ ಹೊತ್ತು ನಿಂತು
ತೆಳ್ಳನೆ ಪದರದ ಮೇಲೆ ಪದರ,
ಬರೆದ ಮೈಯೊಳಗೆ ರಕ್ತ ಹರಿಯುವ ತನಕ.
"ಎಲ್ಲಿ ಕುಂಚ ಆಡೇತಿ, ತೋರಸು ನೋಡೋಣು?"
ಭೂತಗನ್ನಡಿ ಕೈಗೆ ಕೊಟ್ಟು ಕೇಳುತ್ತಿದ್ದರು.
ನಮಗೆ ಕಂಡದ್ದು ಅಚ್ಚಿನ ಚುಕ್ಕಿ.
ಹೇಳಲಿಲ್ಲ.

ಎರಡನೇ ಕೋಣೆಯ ಪಡುವಣ ಗೋಡೆಗೆ
ತಾವೇ ಒಂದು ಶುರುಮಾಡಿದರು:
ಹನ್ನೊಂದನೇ ಚಿತ್ರ, ನೀರಿನಿಂದ ಏಳುವ ದೇವತೆ,
ನಮ್ಮ ಘಟಪ್ರಭೆಯ ದಂಡೆಗೆ ತಂದು.
ಮುಂದೆ ನಿಲ್ಲಲು ಯಾರು ಬಂದಾರು?
ಮುಖ ಹೆಂಡತಿಯದು, ಕದ್ದು ನೋಡಿದ್ದು,
ಅವ್ವಾರು ಹೆಸರುಬೇಳೆ ಆರಿಸುವಾಗ.
ಪಾದ ಸ್ವಂತದ್ದು, ಕನ್ನಡಿ ಇಟ್ಟುಕೊಂಡು.
ಹೆಗಲು ನನ್ನದು.
ದಾವಲ್ ನದಾಫ, ಗರಡಿಮನೆ, ಹದಿನಾರು ವರ್ಷ,
ಮೈಗೆಲ್ಲ ಕೆಮ್ಮಣ್ಣು.
"ಅಲಗ್ಯಾಡಬ್ಯಾಡಲೇ ದೇವಿ" ಅಂತಿದ್ದರು.
ಕೂಲಿ, ಒಂದು ಬಾಳೆಹಣ್ಣು, ಕಾಲು ಸೇರು ಹಾಲು.
ನಾಲ್ಕು ವರ್ಷ ತೀಡಿದರು. ನುಣುಪೆಂದರೆ
ಹಲ್ಲಿ ಜಾರಿ ಬಿದ್ದಿತ್ತು ಒಮ್ಮೆ, ಸುಳ್ಳಲ್ಲ.

ತಿಬಾಲ್ಟನಿಗೂ ಕಾಲ ಕೆಟ್ಟಿತು.
ಪುಸ್ತಕದ ಕೊನೆಯ ಹಾಳೆ ಮಾಸ್ತರು ತೆರೆಯುತ್ತಿರಲಿಲ್ಲ;
ಅವರಿಲ್ಲದಾಗ ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ.
ಹೊಸ ಹುಡುಗರು ಬಂದರು, ಬಣ್ಣ ಮುದ್ದೆಮುದ್ದೆ ಮೆತ್ತುವವರು,
ಅವನದು ಸಾಬೂನು ಅಂದು ನಕ್ಕರು.
ಸತ್ತ ಮೇಲೆ ಚಿತ್ರಗಳನ್ನು ಸುರುಳಿ ಸುತ್ತಿ
ನೆಲಮಾಳಿಗೆಗೆ ಇಳಿಸಿದರು.

ಆಲಮಟ್ಟಿಯ ಹಿನ್ನೀರು ಕಿಲ್ಲಾದ ತನಕ ಬರುತ್ತದೆಂದು
ಅಳೆಯಲು ಬಂದ ಸರ್ವೇದವ ಒಳ್ಳೆಯವನೇ.
ಚಪ್ಪಲಿ ಬಿಟ್ಟು ಒಳಗೆ ಬಂದ, ಗೋಡೆ ನೋಡಿದ,
ಟೇಪು ಮರೆತು ನಿಂತ ಒಂದು ಗಳಿಗೆ.
ಅವನ ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ.
ಬಾಗಿಲು ಮೂರು, ಕಿಟಕಿ ಎರಡು, ತೊಲೆ ಹನ್ನೆರಡು,
ಬಣ್ಣ ಬಳಿದ ಗೋಡೆ, ಒಂದು.
ಮಾಸ್ತರು ಅದರ ಕೆಳಗೆ ಸಹಿ ಮಾಡಿದರು.
ಚಿತ್ರಕ್ಕೆ ಎಂದೂ ಮಾಡಿರಲಿಲ್ಲ.

ನವನಗರದಲ್ಲಿ ಈಗ ನನ್ನದು ಫ್ಲೆಕ್ಸ್ ಅಂಗಡಿ.
ಹುಟ್ಟುಹಬ್ಬದ ಧಣಿಗಳ ಮೊಡವೆ, ಮಚ್ಚೆ, ಸುಕ್ಕು
ಮೌಸಿನಿಂದ ಎರಡು ಸಲ ಉಜ್ಜಿದರೆ ಹೋಗುತ್ತವೆ.
ಕುಂಚದ ಗುರುತು ಎಲ್ಲಿಂದ ಬರಬೇಕು.

ಮೊನ್ನೆ ಸಂಕ್ರಾಂತಿಯ ಆಸುಪಾಸು, ಐಹೊಳೆಗೆ ಹೊರಟಿದ್ದ
ಫ್ರಾನ್ಸಿನ ಅಜ್ಜಿಯೊಬ್ಬಳು, ಕಾರು ಪಂಕ್ಚರಾಗಿ,
ನನ್ನ ಸ್ಟೂಲಿನ ಮೇಲೆ ಕೂತಿದ್ದಳು.
ಚೀಟಿಯಲ್ಲಿ ಹೆಸರು ಬರೆದು ತೋರಿಸಿದೆ.
"ತಿಬೋ" ಅಂದಳು. ಮತ್ತೆ ಕೇಳಿದೆ. "ತಿಬೋ."
ಕೊನೆಯ ಎರಡು ಅಕ್ಷರ ಮುಟ್ಟಿ, ಇವು? ಅಂದೆ.
ತುಟಿಯ ಮೇಲೆ ಬೆರಳಿಟ್ಟುಕೊಂಡು ನಕ್ಕಳು.

ಮಾಸ್ತರು ಇದ್ದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.
ಮೇ ತಿಂಗಳಲ್ಲಿ ನೀರು ಇಳಿದಾಗ ಆ ಕಡೆ ಹೋಗುವುದಿಲ್ಲ ನಾನು;
ಹೋದವರು, ಗೋಡೆ ಕುಸಿದು ಕೂತಿದೆ ಅನ್ನುತ್ತಾರೆ.
ಆದರೂ ಕೆಲವು ಬೆಳಗಿನ ಜಾವ ಎಡಹೆಗಲು ಸೆಳೆಯುತ್ತದೆ,
ಇನ್ನೂ ಎತ್ತಿ ಹಿಡಿದಂತೆ.
ಅಲುಗಾಡುವುದಿಲ್ಲ.